ಮುಖಕ್ಕಿಂತ ಮೊದಲು ಕೈ ನೋಡಿ

ಹೋದ ಸಂಚಿಕೆಯಲ್ಲಿ ಈ ಪುಟದ ಮೇಲೆ ಯುರೋಪಿನ ಹಳೆಯ ಕಾಲದ ವಿದ್ವಾಂಸ ಎರಾಸ್ಮಸ್‌ನ ಚಿತ್ರ ಅಚ್ಚಾಗಿತ್ತು. ಕಪ್ಪು ಟೋಪಿ, ಕಪ್ಪು ನಿಲುವಂಗಿ, ಪಕ್ಕದಿಂದ ಕಾಣುವ ಚೂಪು ಮೂಗು, ಕೆಳಗಿಳಿದ ಕಣ್ಣು, ಕೈಯಲ್ಲಿ ಲೇಖನಿ. 1523ರಲ್ಲಿ ಹಾನ್ಸ್ ಹೋಲ್ಬೈನ್ ಎಂಬ ಕಲಾವಿದ ಬರೆದದ್ದು, ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ಬಗ್ಗೆ ನಾನು ಬರೆದದ್ದು ಎರಡೇ ಸಾಲು, ಬಂದ ಪತ್ರಗಳು ಮಾತ್ರ ಒಂದು ಚೀಲ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಜಲವರ್ಣದ ಕಾಗದ ಯಾಕೆ ಸುಕ್ಕಾಗುತ್ತೆ ಅಂತ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ಚಿತ್ರ ನೋಡಿದೆ. ಒಬ್ಬ ಮುದುಕ ಕೂತು ಏನೋ ಬರೀತಿದ್ದಾನೆ, ಅಷ್ಟೇ. ಸಿಂಹಾಸನ ಇಲ್ಲ, ಪದಕ ಇಲ್ಲ, ಹಾರ ಇಲ್ಲ. ನಮ್ಮ ಪಂಚಾಯ್ತಿ ಕಾರ್ಯದರ್ಶಿಯೂ ಹೀಗೇ ಕೂತು ಬರೀತಾರೆ. ಇವನು ಯುರೋಪಿಗೇ ದೊಡ್ಡ ವಿದ್ವಾಂಸ ಅಂತ ನೋಡಿದವರಿಗೆ ಗೊತ್ತಾಗೋದು ಹೇಗೆ? (ನಿವೃತ್ತ ಕನ್ನಡ ಉಪನ್ಯಾಸಕರು, ಸಾಗರ)

ಉತ್ತರ: ಸರ್, ಕಾರ್ಯದರ್ಶಿಯ ಮಾತನ್ನು ನೀವು ತಮಾಷೆಗೆ ಹೇಳಿದ್ದೀರಿ. ಆದರೆ ಗುಟ್ಟು ಇರುವುದು ಅಲ್ಲೇ.

ಆ ಕಾಲದಲ್ಲಿ ಚಿತ್ರ ಬರೆಸಿಕೊಳ್ಳುವವರಿಗೆ ತೋರಿಸಿಕೊಳ್ಳಲು ಏನಾದರೊಂದು ಇರುತ್ತಿತ್ತು. ರಾಜನಿಗೆ ರಾಜ್ಯ, ವ್ಯಾಪಾರಿಗೆ ದುಡ್ಡು, ಜಮೀನಿದ್ದವನಿಗೆ ಮನೆತನ. ಮೂಲೆಯಲ್ಲೊಂದು ಮನೆತನದ ಲಾಂಛನ ಬರೆಸಿಬಿಟ್ಟರೆ ಅರ್ಧ ಕೆಲಸ ಮುಗೀತು. ಎರಾಸ್ಮಸ್‌ಗೆ ಅದೇ ಇರಲಿಲ್ಲ. ಅಪ್ಪ ಪಾದ್ರಿ, ಪಾದ್ರಿಗಳು ಮದುವೆಯಾಗುವಂತಿಲ್ಲ. ಅಂದಮೇಲೆ ಯಾರಾದರೂ ಕುಲಗೋತ್ರ ಕೆದಕಿದರೆ ಮಗನಿಗೆ ಮುಜುಗರವೇ. ಹರೆಯದಲ್ಲಿ ಮಠ ಸೇರಿದ, ಅಲ್ಲಿಂದ ಹೊರಬಿದ್ದ, ಆಮೇಲೆ ಊರೂರು ಸುತ್ತಿದ. ಅವನ ಹತ್ತಿರ ಇದ್ದದ್ದು ಬರವಣಿಗೆ ಒಂದೇ. 1516ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಫ್ರೋಬೆನ್ ಎಂಬ ಮುದ್ರಕನ ಅಚ್ಚುಕೂಟದಿಂದ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಲ್ಲಿ ಹೊರತಂದ. ನೀವು ಕನ್ನಡ ಮೇಷ್ಟ್ರು, ಅದಕ್ಕೆ ಇದನ್ನೂ ಹೇಳ್ತೀನಿ: ಗ್ರೀಕ್, ಲ್ಯಾಟಿನ್ ಗಾದೆಗಳನ್ನು ಒಂದೊಂದಾಗಿ ಹೆಕ್ಕಿ, ಅರ್ಥ ಬರೆದು, ಸಾಯುವ ಹೊತ್ತಿಗೆ ನಾಲ್ಕು ಸಾವಿರ ದಾಟಿಸಿದ್ದ. ಇಂಥವನು ಚಿತ್ರಕ್ಕೆ ಕೂರುವಾಗ ತನ್ನದು ಅಂತ ಇನ್ನೇನು ತೋರಿಸಬೇಕು ಹೇಳಿ?

ಎಂಟು ವರ್ಷದ ಕೆಳಗೆ ನಾನು ಮಗನ ಮನೆಗೆಂದು ಅದೇ ಬಾಸೆಲ್‌ಗೆ ಹೋಗಿದ್ದೆ. ಅಲ್ಲಿನ ಕಲಾ ಮ್ಯೂಸಿಯಂನಲ್ಲಿ ಲೂವ್ರ್ ಚಿತ್ರದ ಒಡಹುಟ್ಟು ಒಂದಿದೆ. ಅದೇ ವರ್ಷದ್ದು, ಅದೇ ಭಂಗಿ, ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸಿದ್ದು. ದೊಡ್ಡ ಚಿತ್ರ ಅಂದುಕೊಂಡು ಹೋದವನಿಗೆ ಗೋಡೆಯ ಮೇಲೆ ಕಂಡದ್ದು ಕ್ಯಾಲೆಂಡರ್ ಹಾಳೆಯಷ್ಟೇ. ಎಲ್ಲರ ಹಾಗೆ ನಾನೂ ಮೊದಲು ಮುಖ ನೋಡಿದೆ. ತುಟಿ ಬಿಗಿಯಾಗಿತ್ತು. ಸೂಜಿಗೆ ದಾರ ಪೋಣಿಸುವಾಗ ನಮ್ಮಮ್ಮ ಹೀಗೇ ತುಟಿ ಬಿಗಿ ಹಿಡಿಯುತ್ತಿದ್ದಳು. ಆಮೇಲೆ ನನ್ನ ಕಣ್ಣು ತಾನಾಗಿ ಕೆಳಗೆ ಜಾರಿತು. ಯಾಕೆ ಅಂದರೆ ಅವನೇ ಕೆಳಗೆ ನೋಡುತ್ತಿದ್ದಾನಲ್ಲ! ಅವನು ನೋಡುವ ಕಡೆಗೇ ನಾವೂ ನೋಡುತ್ತೇವೆ. ಅಲ್ಲಿ ಎಡಗೈ ಹಾಳೆಯನ್ನು ಒತ್ತಿ ಹಿಡಿದಿದೆ, ಬಲಗೈ ಬರೆಯುತ್ತಿದೆ. ಹಾಳೆಯ ಮೇಲೆ ಇರುವುದು ಗೀಚಲ್ಲ, ಓದಬಹುದಾದ ಲ್ಯಾಟಿನ್ ಅಕ್ಷರ. ಬೈಬಲ್ಲಿನ ಮಾರ್ಕನ ಸುವಾರ್ತೆಗೆ ಆ ವರ್ಷ ಅವನು ಬರೆಯುತ್ತಿದ್ದ ವಿವರಣೆಯ ಮೊದಲ ಸಾಲುಗಳು. ಮುಖ, ಕೈ, ಹಾಳೆ, ಇಷ್ಟಕ್ಕೆ ಮಾತ್ರ ಬೆಳಕು. ಉಳಿದದ್ದೆಲ್ಲ ಗಾಢ ಬಣ್ಣದಲ್ಲಿ ಹಿಂದೆ ಸರಿದಿದೆ. ಈ ಕೈಗಳಿಗೆಂದೇ ಹೋಲ್ಬೈನ್ ಬೇರೆ ಹಾಳೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದ. ಆ ಹಾಳೆಗಳೂ ಉಳಿದಿವೆ.

ದೊಡ್ಡವರು ಬಾಯಲ್ಲಿ ಹೇಳುವುದು, ಗುಮಾಸ್ತ ಬರೆದುಕೊಳ್ಳುವುದು, ಇದು ಆ ಕಾಲದ ಪದ್ಧತಿ. ಇಲ್ಲಿ ದೊಡ್ಡವನೇ ಗುಮಾಸ್ತನ ಹಾಗೆ ಬಗ್ಗಿದ್ದಾನೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ಬಂದದ್ದು ಅವನಿಗೆ ಗೊತ್ತಾಗಿಲ್ಲ ಸರ್. ಗೊತ್ತಾದರೂ ಸಾಲು ಮುಗಿಯುವವರೆಗೆ ತಲೆ ಎತ್ತುವ ಆಸಾಮಿ ಅಲ್ಲ. ದೊಡ್ಡಸ್ತಿಕೆ ಇದೇ. ಕಾರ್ಯದರ್ಶಿಯವರು ನೀವು ಒಳಗೆ ಬಂದ ತಕ್ಷಣ ತಲೆ ಎತ್ತುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಅದೇ ವರ್ಷ ಹೋಲ್ಬೈನ್ ಅವನದೇ ಇನ್ನೊಂದು ಚಿತ್ರ ಬರೆದ. ಅದು ಇದರ ದುಪ್ಪಟ್ಟು ಎತ್ತರ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಎರವಲಾಗಿ ಇದೆ. ಅದರಲ್ಲಿ ನಿಮಗೆ ಬೇಕಾದ ಠೀವಿ ಎಲ್ಲ ಇದೆ. ಪಕ್ಕದಲ್ಲಿ ಕೆತ್ತನೆಯ ಕಂಬ, ಹಿಂದೆ ಹಸಿರು ಪರದೆ, ಕಪಾಟಿನಲ್ಲಿ ಪುಸ್ತಕ, ಒಂದು ಗಾಜಿನ ಹೂಜಿ. ಎರಡೂ ಕೈ ದಪ್ಪ ಕೆಂಪು ಪುಸ್ತಕದ ಮೇಲಿವೆ. ಪುಸ್ತಕದ ಅಂಚಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಒಂದು ಬರಹ, ಅದಕ್ಕೆ ರಾಟರ್‌ಡ್ಯಾಮಿನ ಎರಾಸ್ಮಸ್‌ನ ಹರ್ಕ್ಯುಲಿಸ್ ಸಾಹಸಗಳು ಅಂತ ಅರ್ಥ. ಗ್ರೀಕ್ ಕಥೆಯ ಹರ್ಕ್ಯುಲಿಸ್ ಸಿಂಹ ಕೊಂದ, ಲಾಯ ಗುಡಿಸಿದ. ಇವನು ಹಸ್ತಪ್ರತಿಗಳ ಧೂಳು ಕುಡಿದ. ಹರ್ಕ್ಯುಲಿಸ್‌ನ ಸಾಹಸ ಅನ್ನುವ ಮಾತೂ ಅವನ ಗಾದೆ ಪುಸ್ತಕದಲ್ಲಿದೆ. ಅದಕ್ಕೆ ವಿವರಣೆ ಬರೆಯುವ ನೆಪದಲ್ಲಿ, ಪುಸ್ತಕ ತಿದ್ದಿ ಅಚ್ಚು ಹಾಕಿಸುವವನ ಪಾಡು ಯಾರಿಗೂ ಬೇಡ ಅಂತ ಪುಟಗಟ್ಟಲೆ ಗೊಣಗಿಕೊಂಡಿದ್ದಾನೆ. ಹೊಗಳಿಕೆಯೂ ಆಯ್ತು, ದೂರೂ ಆಯ್ತು. ಮೇಲಿನ ಕಪಾಟಿನ ಪುಸ್ತಕವೊಂದರಲ್ಲಿ ಹೋಲ್ಬೈನ್ ತನ್ನ ಮಾತನ್ನೂ ಸೇರಿಸಿದ್ದಾನೆ: ನನ್ನನ್ನು ಅನುಕರಿಸುವುದಕ್ಕಿಂತ ಹಳಿಯುವುದು ಸುಲಭ. ಆಗ ಅವನಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಹುಡುಗನ ಕೊಬ್ಬು ನೋಡಿ!

ಈ ದೊಡ್ಡ ಚಿತ್ರ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ವಾರ್ಹಮ್‌ಗೆ ಹೋಯಿತು ಅಂತ ಬಲ್ಲವರ ಅಭಿಪ್ರಾಯ. ಅವರು ಎರಾಸ್ಮಸ್‌ಗೆ ವರ್ಷಾಶನ ಕೊಡುತ್ತಿದ್ದವರು. ಅನ್ನದಾತರ ಮನೆಗೆ ಠೀವಿಯ ಚಿತ್ರ, ತಾನಿದ್ದ ಬಾಸೆಲ್‌ನಲ್ಲಿ ಉಳಿಯುವುದಕ್ಕೆ ಕೆಲಸದ ಚಿತ್ರ. ಜಾಣ ಅಲ್ವಾ?

ಪ್ರಶ್ನೆ: ಇಷ್ಟೆಲ್ಲ ಚಿತ್ರಕ್ಕೆ ದುಡ್ಡು ಕೊಟ್ಟವರು ಯಾರು? ಬರೆಯುವವರ ಹತ್ತಿರ ದುಡ್ಡು ಎಲ್ಲಿಂದ? (ಬ್ಯಾಂಕ್ ಉದ್ಯೋಗಿ, ಮಂಗಳೂರು)

ಉತ್ತರ: ಲೆಕ್ಕ ಕೇಳಿದ್ದೀರಿ, ಅದೃಷ್ಟಕ್ಕೆ ಒಂದು ಚಿತ್ರದ ಲೆಕ್ಕ ಪತ್ರಗಳಲ್ಲಿ ಉಳಿದಿದೆ. 1517ರಲ್ಲಿ ಆಂಟ್‌ವರ್ಪ್ ಊರಿನಲ್ಲಿ ಕ್ವೆಂಟಿನ್ ಮಾಟ್ಸಿಸ್ ಎಂಬ ಕಲಾವಿದ ಎರಾಸ್ಮಸ್ ಮತ್ತು ಅವನ ಗೆಳೆಯ ಪೀಟರ್ ಗಿಲ್ಲಿಸ್ ಇಬ್ಬರನ್ನೂ ಜೋಡಿ ಹಲಗೆಗಳ ಮೇಲೆ ಬರೆದ. ಗಿಲ್ಲಿಸ್ ಆ ಊರಿನ ನಗರಸಭೆಯ ಕಾರ್ಯದರ್ಶಿ. (ಸಾಗರದ ಮೇಷ್ಟ್ರೇ, ನೋಡಿ, ಕಾರ್ಯದರ್ಶಿಗೂ ಚಿತ್ರ ಇದೆ!) ಇಂಗ್ಲೆಂಡಿನ ಗೆಳೆಯ ಥಾಮಸ್ ಮೋರ್‌ಗೆ ಕಳಿಸುವ ಉಡುಗೊರೆ ಅದು. ಖರ್ಚು ಇಬ್ಬರೂ ಸಮಪಾಲು. ಒಬ್ಬರೇ ಕೊಡಲು ಆಗದೆ ಅಲ್ಲ, ಉಡುಗೊರೆ ಇಬ್ಬರದೂ ಆಗಲಿ ಅಂತ.

ನಡುವೆ ಒಂದು ಫಜೀತಿ. ಎರಾಸ್ಮಸ್‌ಗೆ ಪಿತ್ತ ಹೆಚ್ಚಾಗಿ ವೈದ್ಯರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಚಿತ್ರಕ್ಕೆ ಕೂರಲು ಹೋದರೆ ಮಾಟ್ಸಿಸ್, ಇದು ಮೊನ್ನೆಯ ಮುಖ ಅಲ್ಲವೇ ಅಲ್ಲ, ಸ್ವಲ್ಪ ಕಳೆ ಬರಲಿ, ಆಮೇಲೆ ಬನ್ನಿ ಅಂತ ವಾಪಸ್ ಕಳಿಸಿದ. ಗಿಲ್ಲಿಸ್‌ಗೂ ಹುಷಾರಿಲ್ಲದೆ ಕೆಲಸ ತಡವಾಯಿತು. ಕೊನೆಗೆ ಚಿತ್ರ ಹೋಗಿ ಮುಟ್ಟಿದಾಗ ಮೋರ್‌ಗೆ ಎಲ್ಲಕ್ಕಿಂತ ಖುಷಿಯಾದದ್ದು ಯಾವುದಕ್ಕೆ ಗೊತ್ತಾ? ಗಿಲ್ಲಿಸ್‌ನ ಕೈಯಲ್ಲಿ ಒಂದು ಪತ್ರ ಇದೆ, ಅದು ಮೋರ್ ಬರೆದ ಪತ್ರ, ಅದರ ಮೇಲಿನ ಅಕ್ಷರ ಥೇಟ್ ಮೋರ್‌ನದೇ. ಖೋಟಾ ಸಹಿ ಹಾಕುವವರನ್ನೂ ಮೀರಿಸಿದ್ದಾನಲ್ಲಪ್ಪ ಈ ಚಿತ್ರಗಾರ ಅಂತ ಬೆರಗಾಗಿದ್ದಾನೆ. ಬ್ಯಾಂಕಿನಲ್ಲಿರುವ ನಿಮಗೆ ಇದು ಇಷ್ಟವಾಗುತ್ತೆ ಅಂದುಕೊಂಡೆ.

ಎರಾಸ್ಮಸ್‌ನ ಹಲಗೆ ಈಗ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಅದರಲ್ಲೂ ಅವನು ಬರೆಯುತ್ತಲೇ ಇದ್ದಾನೆ. ಹಿಂದಿನ ಕಪಾಟಿನಲ್ಲಿ ಅವನೇ ತಿದ್ದಿ ತಂದ ಸಂತ ಜೆರೋಮ್‌ನ ಪುಸ್ತಕ ಇದೆ. ಇದು ಸುಮ್ನೆ ಇಟ್ಟದ್ದಲ್ಲ. ಜೆರೋಮ್ ಅಂದರೆ ಬೈಬಲ್ಲನ್ನು ಲ್ಯಾಟಿನ್‌ಗೆ ತಂದ ಸಂತ, ಅವನು ಓದಿನ ಕೋಣೆಯಲ್ಲಿ ಒಬ್ಬನೇ ಕೂತ ಚಿತ್ರ ಆ ಕಾಲದ ಜನಕ್ಕೆ ಬಾಯಿಪಾಠ. ಅಂಟೊನೆಲ್ಲೊ ಡಾ ಮೆಸ್ಸಿನಾ ಬರೆದದ್ದು ಲಂಡನ್ನಿನಲ್ಲಿದೆ. ಅದರಲ್ಲಿ ಸಂತ ಮರದ ಕಟ್ಟೆ ಹತ್ತುವ ಮೊದಲು ಮೆಟ್ಟು ಬಿಚ್ಚಿಟ್ಟಿದ್ದಾನೆ, ಥೇಟ್ ನಮ್ಮ ಹಾಗೆ. ಎರಾಸ್ಮಸ್ ಕೋಣೆಯಲ್ಲಿ ಕೂತು ಬರೆಯುವುದನ್ನು ನೋಡಿದವರಿಗೆ ಹಿಂದೆ ಜೆರೋಮ್ ಕಾಣುತ್ತಿದ್ದ. ಜೆರೋಮ್‌ನ ಪಕ್ಕ ಚಿತ್ರಗಾರರು ಬರೆಯುತ್ತಿದ್ದ ಸಿಂಹ ಒಂದು ಇಲ್ಲ, ಅಷ್ಟೇ.

ಪ್ರಶ್ನೆ: ಈ ಚಿತ್ರಗಳಲ್ಲಿ ಎಲ್ಲರ ಕೋಟಿಗೂ ತುಪ್ಪಳದ ಅಂಚು. ಚಳಿಗೋ, ಜಂಬಕ್ಕೋ? (ಜವಳಿ ಅಂಗಡಿಯವರು, ರಾಣೆಬೆನ್ನೂರು)

ಉತ್ತರ: ಎರಡಕ್ಕೂ. ಎರಾಸ್ಮಸ್ ಚಳಿಗೆ ನಡುಗುವ ಜೀವ. ಹಾಗಂತ ಜರ್ಮನರ ಒಲೆಯ ಕೋಣೆಗೆ ಹೋದರೆ ಆ ಸೆಕೆ, ಆ ವಾಸನೆ ಅವನಿಗೆ ಆಗದು. ಉಳಿದ ದಾರಿ ದಪ್ಪ ಕೋಟು. ಆದರೆ ಇಂಗ್ಲೆಂಡಿನಲ್ಲೂ ಬೇರೆ ಎಷ್ಟೋ ಊರುಗಳಲ್ಲೂ ಯಾರು ಯಾವ ತುಪ್ಪಳ ತೊಡಬಹುದು ಅಂತ ಕಾನೂನೇ ಇತ್ತು. ನೋಡಿದವರು ಅಂಚಿನ ಕೂದಲಿನಿಂದಲೇ ಅಂತಸ್ತು ಅಳೆಯುತ್ತಿದ್ದರು, ನೀವು ಸೀರೆಯ ಸೆರಗು ನೋಡಿ ಗಿರಾಕಿಯನ್ನು ಅಳೆಯುವ ಹಾಗೆ.

ಒಡವೆಯ ಕಥೆ ಇನ್ನೂ ಚೆನ್ನಾಗಿದೆ. 1527ರಲ್ಲಿ ಹೋಲ್ಬೈನ್ ಥಾಮಸ್ ಮೋರ್‌ನ ಚಿತ್ರ ಬರೆದ, ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ಮೋರ್ ವಿದ್ವಾಂಸನೂ ಹೌದು, ಅರಸನ ಸೇವೆಯಲ್ಲಿದ್ದವನೂ ಹೌದು. ಭುಜದ ಮೇಲೆ ಭಾರಿ ಚಿನ್ನದ ಸರಪಳಿ, ಕೊನೆಯಲ್ಲಿ ಟ್ಯೂಡರ್ ಅರಸರ ಗುಲಾಬಿ. ತೋಳು ಕೆಂಪು ವೆಲ್ವೆಟ್. ಆ ವೆಲ್ವೆಟ್ಟನ್ನು ಬೆರಳಲ್ಲಿ ಸವರಬೇಕು ಅನ್ನಿಸುತ್ತೆ. ಆದರೆ ಎಂಟು ವರ್ಷ ಮೊದಲು ಎರಾಸ್ಮಸ್ ಒಂದು ಪತ್ರದಲ್ಲಿ ಬರೆದಿದ್ದ: ಮೋರ್‌ಗೆ ರೇಷ್ಮೆ, ಚಿನ್ನದ ಸರ ಇದೆಲ್ಲ ಬೇಡ, ತೆಗೆದಿಡಲು ಆಗದ ಕಡೆ ಮಾತ್ರ ಹಾಕುತ್ತಾನೆ ಅಂತ. ಚಿತ್ರವೂ ಅಂಥ, ಸರ ತೆಗೆದಿಡಲು ಆಗದ ಕಡೆಯೇ! ಈಗ ಅವನ ಗಲ್ಲ ನೋಡಿ. ಅಷ್ಟು ಬೆಲೆಯ ಬಟ್ಟೆಯ ಮೇಲೆ ಎರಡು ದಿನ ಕ್ಷೌರ ಮಾಡದ ಮುಖ. ಸರ ಹುದ್ದೆಯದು, ಗಡ್ಡ ಮನುಷ್ಯನದು. ಹೋಲ್ಬೈನ್ ಎರಡನ್ನೂ ಬಿಡಲಿಲ್ಲ.

ಪ್ರಶ್ನೆ: ಕೈಯಲ್ಲಿ ಪುಸ್ತಕ ಇದ್ದರೆ ವಿದ್ವಾಂಸ ಅಂತ ತಿಳಿಯಬಹುದಾ ಸರ್? ಪರೀಕ್ಷೆಗೆ ಹಾಗೇ ಬರೆದುಬಿಡಲಾ? (ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಬರೀಬೇಡಮ್ಮ. ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳ್ತೀನಿ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನಮ್ಮ ಹೆಡ್‌ಮಾಸ್ಟರ್ ಒಬ್ಬರು ರಿಟೈರ್ ಆಗುವಾಗ ಅವರ ಎಣ್ಣೆಬಣ್ಣದ ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಾಂಭೀರ್ಯ ಬರಲಿ ಅಂತ ಕೈಯಲ್ಲೊಂದು ದಪ್ಪ ಪುಸ್ತಕ ಕೊಟ್ಟೆ, ಬೆರಳನ್ನು ಪುಟದ ನಡುವೆ ಸಿಕ್ಕಿಸಿದೆ. ಸಮಾರಂಭದ ದಿನ ಪರದೆ ಸರಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಹೆಂಡತಿ ಮಾತ್ರ ಮೆಲ್ಲಗೆ, 'ಇವರು ಯಾವತ್ತು ಪುಸ್ತಕ ಹಿಡಿದಿದ್ರು? ಬೀಗದ ಕೈಗೊಂಚಲು ಕೊಟ್ಟಿದ್ರೆ ಸರಿಹೋಗ್ತಿತ್ತು' ಅಂದರು. ನಿಜ. ಮೂವತ್ತು ಕೋಣೆಗಳ ಬೀಗ ಆ ಮನುಷ್ಯ ದಿನಾ ಸಂಜೆ ತಾವೇ ಎಳೆದು ನೋಡುತ್ತಿದ್ದರು. ಆ ಗೊಂಚಲನ್ನು ನಾನು ವರ್ಷಗಟ್ಟಲೆ ನೋಡಿದ್ದೆ, ಚಿತ್ರ ಬರೆಯುವಾಗ ಮರೆತೆ.

ಈಗ ನಿನ್ನ ಪರೀಕ್ಷೆಗೆ. ಇಟಲಿಯ ಉರ್ಬಿನೊದ ದೊರೆ ಫೆಡೆರಿಕೊ ಡಾ ಮಾಂಟೆಫೆಲ್ಟ್ರೊನ ಒಂದು ಚಿತ್ರ ಇದೆ, ಸುಮಾರು 1475ರದ್ದು. ಉಕ್ಕಿನ ಕವಚ ತೊಟ್ಟು, ಅದರ ಮೇಲೆ ನಿಲುವಂಗಿ ಹೊದ್ದು, ಪಕ್ಕದಲ್ಲಿ ಪುಟ್ಟ ಮಗನನ್ನು ನಿಲ್ಲಿಸಿಕೊಂಡು ದೊಡ್ಡ ಗ್ರಂಥ ಓದುತ್ತಿದ್ದಾನೆ. ಕವಚ ತೊಟ್ಟು ಯಾರಮ್ಮ ಓದಕ್ಕೆ ಕೂರ್ತಾರೆ? ಅವನು ಬಾಡಿಗೆಗೆ ಸೈನ್ಯ ನಡೆಸಿ ದುಡ್ಡು ಮಾಡಿದವನು, ಆ ದುಡ್ಡಲ್ಲಿ ಹಸ್ತಪ್ರತಿಗಳ ದೊಡ್ಡ ಭಂಡಾರ ಕಟ್ಟಿದವನು. ಕತ್ತಿಯೂ ನನ್ನದೇ, ಗ್ರಂಥವೂ ನನ್ನದೇ ಅನ್ನುವುದು ಅವನ ಮಾತು. ಅದು ವಿದ್ವಾಂಸನ ಚಿತ್ರ ಅಲ್ಲ, ಓದುವ ದೊರೆಯ ಚಿತ್ರ.

ಫ್ಲಾರೆನ್ಸಿನ ಉಗೊಲಿನೊ ಮಾರ್ಟೆಲ್ಲಿಯ ಚಿತ್ರ ಬ್ರೊಂಜಿನೊ ಎಂಬ ಕಲಾವಿದನದು, 1530ರ ದಶಕದ್ದು, ಬರ್ಲಿನ್‌ನಲ್ಲಿದೆ. ಹುಡುಗನಿಗೆ ಹದಿನೇಳು ಹದಿನೆಂಟು ಇರಬೇಕು. ಮೇಜಿನ ಮೇಲೆ ಹೋಮರನ ಇಲಿಯಡ್ ತೆರೆದಿದೆ, ಒಂಬತ್ತನೆಯ ಭಾಗ. ಹುಡುಗನ ಬೆರಳು ಗ್ರೀಕ್ ಸಾಲಿನ ಮೇಲಿದೆ. ಇನ್ನೊಂದು ಪುಸ್ತಕ ಲ್ಯಾಟಿನ್ ಕವಿ ವರ್ಜಿಲ್‌ನದು, ಮತ್ತೊಂದು ಇಟಲಿಯ ದೇಶಭಾಷೆಯಲ್ಲಿ ಬರೆದ ಬೆಂಬೊನದು. ಮೂರು ಭಾಷೆ ಬಲ್ಲೆ ಅಂತ ಬಾಯಿಬಿಟ್ಟು ಹೇಳದೆ ಹೇಳಿದ್ದಾನೆ. ಹಿಂದೆ ಮನೆತನಕ್ಕೆ ಸೇರಿದ, ಬೈಬಲ್ ಕಥೆಯ ಡೇವಿಡ್‌ನ ಶಿಲ್ಪ. ಅಂದರೆ ಅಪ್ಪನ ಮನೆಯೂ ದೊಡ್ಡದೇ ಕಣ್ರೀ ಅಂತ. ಚಿತ್ರ ಸೊಗಸು, ಆದರೆ ನನಗೆ ಯಾಕೋ ಆ ಹುಡುಗ ಪುಟ ತಿರುಗಿಸುತ್ತಾನೆ ಅಂತ ಅನ್ನಿಸುವುದಿಲ್ಲ. ಬೆರಳು ಬಲು ಚೆಂದ, ಕಣ್ಣು ಬೇರೆಲ್ಲೋ.

ಕೊನೆಗೆ ಪುಸ್ತಕವೇ ಇಲ್ಲದ್ದು. ಸುಮಾರು 1515ರಲ್ಲಿ ರಫೇಲ್ ಬರೆದ ಬಾಲ್ಡಸ್ಸಾರೆ ಕ್ಯಾಸ್ಟಿಲಿಯೋನೆ. ಆಸ್ಥಾನದ ನಡವಳಿಕೆಯ ಬಗ್ಗೆ ಹೆಸರಾದ ಪುಸ್ತಕ ಬರೆದವನು. ಬೂದು ತುಪ್ಪಳ, ಕಪ್ಪು ಟೋಪಿ, ಮಡಿಸಿದ ಕೈ, ನಮ್ಮನ್ನೇ ನೋಡುವ ತಿಳಿಗಣ್ಣು, ಅಷ್ಟೇ. ಕಷ್ಟಪಟ್ಟದ್ದು ಕಾಣಬಾರದು ಅನ್ನುವುದು ಅವನ ಪುಸ್ತಕದ ಮುಖ್ಯ ಮಾತು. ಹಾಗಿರುವಾಗ ಪುಸ್ತಕ ಹಿಡಿದು ಕೂತರೆ ಆಗುತ್ತಾ?

ಪ್ರಶ್ನೆ: ಕೈಕೆಲಸ ಬಲ್ಲ ವಿದ್ವಾಂಸರ ಚಿತ್ರ ಯಾರೂ ಬರೆದಿಲ್ಲವೇ? ಉಪಕರಣ ಹಿಡಿದವರು? (ಐಟಿಐ ಬೋಧಕರು, ದಾವಣಗೆರೆ)

ಉತ್ತರ: ಬರೆದಿದ್ದಾರೆ, ಮತ್ತೆ ಹೋಲ್ಬೈನೇ. 1528ರ ನಿಕೋಲಾಸ್ ಕ್ರಾಟ್ಸರ್ ಚಿತ್ರ, ಲೂವ್ರ್‌ನಲ್ಲಿದೆ. ಮ್ಯೂನಿಕ್‌ನವನು, ಇಂಗ್ಲೆಂಡಿನ ಎಂಟನೇ ಹೆನ್ರಿಯ ಖಗೋಳಜ್ಞ. ಕೈಯಲ್ಲಿ ಹಲವು ಮುಖಗಳ ನೆರಳು ಗಡಿಯಾರ, ಇನ್ನೊಂದು ಕೈಯಲ್ಲಿ ಕೈವಾರ. ಗಡಿಯಾರ ಇನ್ನೂ ಮುಗಿದಿಲ್ಲ, ನೆರಳು ಬೀಳಿಸುವ ಕಡ್ಡಿ ಕೂರಿಸುವುದು ಬಾಕಿ. ನನಗೆ ಅದೇ ಇಷ್ಟ. ಮುಗಿದ ವಸ್ತು ಹಿಡಿದರೆ ಅದರ ಮಾಲೀಕ, ಅರೆಬರೆ ಆದದ್ದು ಹಿಡಿದರೆ ಅದನ್ನು ಮಾಡುವವನು. ಮುಂದೆ ಮೇಜಿನಲ್ಲೂ ಹಿಂದೆ ಗೋಡೆಯಲ್ಲೂ ಉಪಕರಣಗಳು. ನಿಮ್ಮ ವರ್ಕ್‌ಶಾಪಿನ ಹಾಗೇ ಇದೆ. ಕಣ್ಣು ಮಾತ್ರ ಎತ್ತಲೋ, ಮನಸ್ಸಿನಲ್ಲಿ ಏನೋ ಲೆಕ್ಕ ಹಾಕುತ್ತಿರುವ ಹಾಗೆ. ಇಷ್ಟು ವರ್ಷ ಇಲ್ಲಿದ್ದೂ ಇಂಗ್ಲಿಷ್ ಯಾಕೆ ಬರಲಿಲ್ಲ ಅಂತ ಅರಸ ಕೇಳಿದನಂತೆ. ಬರೀ ಮೂವತ್ತು ವರ್ಷದಲ್ಲಿ ಎಷ್ಟು ಕಲಿಯಕ್ಕಾಗುತ್ತೆ ಮಹಾಪ್ರಭು ಅಂದನಂತೆ ಕ್ರಾಟ್ಸರ್. ಬೆಂಗಳೂರಿನಲ್ಲಿ ಈ ಉತ್ತರ ಕೊಡುವವರು ನಿಮಗೂ ಸಿಕ್ಕಿರಬೇಕು.

ಪ್ರಶ್ನೆ: ಎಲ್ಲ ಗಂಡಸರೇ ಆದರಲ್ಲ. ಓದಿದ ಹೆಂಗಸರು ಇರಲೇ ಇಲ್ವಾ, ಅಥವಾ ಚಿತ್ರಗಾರರಿಗೆ ಕಾಣಲಿಲ್ವಾ? (ಗ್ರಂಥಪಾಲಕಿ, ಉಡುಪಿ)

ಉತ್ತರ: ಇದ್ದರು ಮೇಡಂ. ಚಿತ್ರ ಕಡಿಮೆ, ಆದರೆ ಇರುವ ಒಂದೆರಡು ಸಾಕು.

ಬಾಸೆಲ್ ಮ್ಯೂಸಿಯಂನಲ್ಲಿ ಹೋಲ್ಬೈನ್ ಗೆರೆಯಲ್ಲಿ ಬರೆದ ಥಾಮಸ್ ಮೋರ್‌ನ ಸಂಸಾರದ ಚಿತ್ರ ಇದೆ, 1527ರ ಹೊತ್ತಿನದು. ಅದನ್ನು ನೋಡಿ ಬಣ್ಣ ಹಚ್ಚಿದ ದೊಡ್ಡ ಚಿತ್ರ 1752ರಲ್ಲಿ ಬೆಂಕಿಗೆ ಹೋಯಿತು, ಈ ಕಾಗದ ಉಳಿಯಿತು. ಅದರಲ್ಲಿ ಪುಸ್ತಕ ಹಿಡಿದವರು ಬಹುಪಾಲು ಹೆಣ್ಣುಮಕ್ಕಳೇ. ಒಬ್ಬಳ ಕಂಕುಳಲ್ಲಿ ಪುಸ್ತಕ. ಸಾಕುಮಗಳು ಮಾರ್ಗರೆಟ್ ಗಿಗ್ಸ್ ಬಗ್ಗಿ ಮುದುಕ ಅಜ್ಜನಿಗೆ ಪುಸ್ತಕದಲ್ಲಿ ಏನೋ ತೋರಿಸುತ್ತಿದ್ದಾಳೆ. ಮುಂದೆ ಕೂತ ಹಿರಿಮಗಳು ಮಾರ್ಗರೆಟ್‌ಳ ತೊಡೆಯ ಮೇಲೂ ಪುಸ್ತಕ. ಮೋರ್‌ನ ಕೈ ಖಾಲಿ. ಮೋರ್‌ನ ಹೆಂಡತಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿರುವ ಹಾಗೆ ಹೋಲ್ಬೈನ್ ಬರೆದಿದ್ದಾನೆ, ಪಕ್ಕದಲ್ಲಿ ಜರ್ಮನ್‌ನಲ್ಲಿ ತನಗೇ ಒಂದು ಚೀಟಿ: ಇವಳು ಕೂತಿರಬೇಕು. ಹೆಸರು, ವಯಸ್ಸು ಬರೆದದ್ದು ಮೇಲೆ ಹೇಳಿದ ಕ್ರಾಟ್ಸರ್. ಅವನು ಆ ಮನೆಯ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು.

ಈ ಹಿರಿಮಗಳು ಮಾರ್ಗರೆಟ್ ಎರಾಸ್ಮಸ್‌ನ ಲ್ಯಾಟಿನ್ ಪುಸ್ತಕವೊಂದನ್ನು ಇಂಗ್ಲಿಷಿಗೆ ತಂದವಳು. ಪುಸ್ತಕದ ಮೇಲೆ ಅವಳ ಹೆಸರು ಹಾಕಲಿಲ್ಲ, ಹತ್ತೊಂಬತ್ತು ವರ್ಷದ ಒಬ್ಬ ವಿದ್ಯಾವಂತ ಹೆಣ್ಣುಮಗಳು ಅಂತ ಹಾಕಿದರು. ಹೋಲ್ಬೈನ್ ಈ ಗೆರೆಚಿತ್ರವನ್ನು ಎರಾಸ್ಮಸ್‌ಗೆ ತಲುಪಿಸಿದಾಗ ಎರಾಸ್ಮಸ್ ಮಾರ್ಗರೆಟ್‌ಗೆ ಪತ್ರ ಬರೆದ: ಎಲ್ಲರ ಗುರುತೂ ಸಿಕ್ಕಿತು, ನಿನ್ನದು ಎಲ್ಲರಿಗಿಂತ ಚೆನ್ನಾಗಿ ಸಿಕ್ಕಿತು. ಆ ಹಾಳೆ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ಮಗ ಕಾಫಿಗೆ ಹೋಗಿ ವಾಪಸ್ ಬಂದಿದ್ದ.

ಇಟಲಿಯ ಸೊಫೊನಿಸ್ಬಾ ಆಂಗ್ವಿಸ್ಸೊಲಾ ಬೇರೆಯವರು ಬರೆಯಲಿ ಅಂತ ಕಾಯಲೇ ಇಲ್ಲ. 1554ರಲ್ಲಿ ತನ್ನ ಚಿತ್ರ ತಾನೇ ಬರೆದಳು, ಈಗ ವಿಯೆನ್ನಾದಲ್ಲಿದೆ. ಕಪ್ಪು ಬಟ್ಟೆ, ಒಡವೆ ಇಲ್ಲ, ಕೈಯಲ್ಲಿ ತೆರೆದ ಪುಟ್ಟ ಪುಸ್ತಕ. ಅದರಲ್ಲಿ ಲ್ಯಾಟಿನ್‌ನಲ್ಲಿ, ಕನ್ಯೆ ಸೊಫೊನಿಸ್ಬಾ ಆಂಗ್ವಿಸ್ಸೊಲಾ ತನ್ನನ್ನು ತಾನೇ ಬರೆದಳು ಅಂತ ಇದೆ. ವಿದ್ಯೆ, ಹೆಸರು, ಕಸುಬು ಮೂರೂ ಆ ಅಂಗೈಯಗಲದ ಪುಟದಲ್ಲಿವೆ.

ಪ್ರಶ್ನೆ: ಇವೆಲ್ಲ ನಿಜವಾಗಿ ಅವರ ಹಾಗೇ ಇದ್ದವಾ? (ಫೋಟೋ ಸ್ಟುಡಿಯೋದವರು, ಹಾಸನ)

ಉತ್ತರ: ಗಿರಾಕಿಗೆ ಎಂದಾದರೂ ಒಪ್ಪಿಗೆಯಾಗಿದ್ದುಂಟಾ, ನಿಮಗೇ ಗೊತ್ತಲ್ಲ! ಜರ್ಮನಿಯ ಕಲಾವಿದ ಡ್ಯೂರರ್ 1526ರಲ್ಲಿ ತಾಮ್ರದ ತಗಡು ಕೊರೆದು ಎರಾಸ್ಮಸ್‌ನ ಚಿತ್ರ ಅಚ್ಚು ಹಾಕಿದ. ಮುಂದೆ ಪುಸ್ತಕ, ಪಕ್ಕದಲ್ಲಿ ಹೂದಾನಿ, ಹಿಂದೆ ಕಲ್ಲಿನ ಶಾಸನದಂಥ ದೊಡ್ಡ ಫಲಕ. ಫಲಕದ ಗ್ರೀಕ್ ಸಾಲಿನ ಅರ್ಥ, ಇದಕ್ಕಿಂತ ಒಳ್ಳೆಯ ಚಿತ್ರ ಅವನ ಬರಹದಲ್ಲಿ ಸಿಗುತ್ತೆ ಅಂತ. ಎರಾಸ್ಮಸ್‌ಗೆ ಹೋಲಿಕೆ ಹಿಡಿಸಲಿಲ್ಲ. ಡ್ಯೂರರ್ ಅವನನ್ನು ನೋಡಿ ಗೆರೆ ಎಳೆದುಕೊಂಡದ್ದು 1520ರಲ್ಲಿ, ಹೋಲದಿದ್ದರೆ ಆಶ್ಚರ್ಯ ಏನು ಅಂದುಬಿಟ್ಟ. ಇನ್ನೊಂದು ಸಲ ಉಲ್ಟಾ ಆಯ್ತು. ಅವನದೇ ಪುಸ್ತಕದ ಒಂದು ಪ್ರತಿಯ ಅಂಚಿನಲ್ಲಿ ಹುಡುಗ ಹೋಲ್ಬೈನ್ ಅವನನ್ನು ಬಲು ಎಳೆಯ ಮುಖದಲ್ಲಿ ಬರೆದಿದ್ದ. ಅದನ್ನು ನೋಡಿ ಎರಾಸ್ಮಸ್, ಓಹೋ, ಎರಾಸ್ಮಸ್ ಈಗಲೂ ಹೀಗಿದ್ದಿದ್ರೆ ಮದುವೆ ಆಗ್ತಿದ್ದ ಅಂದನಂತೆ.

ಪ್ರಶ್ನೆ: ನಮ್ಮ ಮಾವನವರಿಗೆ ಈ ವರ್ಷ ಎಂಬತ್ತು. ಹಳಗನ್ನಡ ಕಾವ್ಯ ಪಾಠ ಹೇಳಿದವರು. ಮಕ್ಕಳೆಲ್ಲ ಸೇರಿ ಎಣ್ಣೆಬಣ್ಣದ ಚಿತ್ರ ಬರೆಸಬೇಕು ಅಂತಿದ್ದೇವೆ. ಚಿತ್ರಗಾರರು ಫೋಟೋ ಕೇಳ್ತಾರೆ. ಇರೋದು ಸನ್ಮಾನದಲ್ಲಿ ಪೇಟ, ಶಾಲು ಹೊದ್ದದ್ದು ಒಂದೇ. ಅವರಿಗೆ ಅದು ಇಷ್ಟ ಇಲ್ಲ. ಮನೆಯಲ್ಲಿ ಸದಾ ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕ್ತಿರ್ತಾರೆ. ಏನು ಮಾಡೋದು? (ಸೊಸೆ, ಶಿರಸಿ)

ಉತ್ತರ: ಸನ್ಮಾನದ ಫೋಟೋ ಕೊಡಬೇಡಿ. ಅದು ಮೋರ್‌ನ ಸರಪಳಿ ಇದ್ದ ಹಾಗೆ, ಮಾವನವರಿಗೆ ತೆಗೆದಿಡುವ ಅವಕಾಶ ಈಗ ಇದೆ. ಚಿತ್ರಗಾರರನ್ನು ಒಂದು ಬೆಳಿಗ್ಗೆ ಮನೆಗೆ ಕರೆಸಿ ತಿಂಡಿ ಕೊಡಿ. ಮಾವನವರಿಗೆ ಒಂದು ಪದ್ಯದ ಅರ್ಥ ಕೇಳಿ, ಸ್ವಲ್ಪ ಕಷ್ಟದ್ದೇ ಇರಲಿ. ಕೇಳಿ ನೀವು ಅಡುಗೆಮನೆಗೆ ಹೋಗಿಬಿಡಿ. ಅವರು ಪುಸ್ತಕ ತೆಗೆಯುತ್ತಾರೆ, ಬೆರಳಿಟ್ಟು ಸಾಲು ಹುಡುಕುತ್ತಾರೆ, ಚಿತ್ರಗಾರರು ಇರುವುದನ್ನೇ ಮರೆಯುತ್ತಾರೆ. ಆಗ ಮೊದಲು ಕೈ ಬರೆದುಕೊಳ್ಳಲಿ, ಮುಖ ಆಮೇಲೆ. ಕನ್ನಡಕ ಹಣೆಯ ಮೇಲೇ ಇರಲಿ. ಮುಂಗಡ ಅರ್ಧ ಕೊಡಿ, ಉಳಿದದ್ದು ನಿಮ್ಮ ಅತ್ತೆ ಚಿತ್ರ ನೋಡಿ ಒಪ್ಪಿದ ಮೇಲೆ.